ಸ್ವಾಹಿಲಿ ಕಲಿಯೋಕೆ ಮುಸೋಮಾಗೆ ಹೊರಟ ಹುಡುಗನಿಗೆ ಏನು ಹೇಳಿ ಕಳಿಸೋದು?

ಬನ್ನಿಮಂಟಪದ_ಮಾವ
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನಿಗೆ ಈಚೆಗೆ ಗುರುದೀಕ್ಷೆ ಆಯ್ತು, ಅಂದ್ರೆ ಕಥೊಲಿಕ ಫಾದರ್ ಆದ, ವಯಸ್ಸು 28. ಸಭೆಯವರು ತಾಂಜಾನಿಯಾಕ್ಕೆ ಹಾಕಿದ್ದಾರೆ. ಮೊದಲು ವಿಕ್ಟೋರಿಯಾ ಸರೋವರದ ದಡದಲ್ಲಿರೋ ಮುಸೋಮಾದಲ್ಲಿ ಕೆಲವು ತಿಂಗಳು ಬರೀ ಸ್ವಾಹಿಲಿ ಕಲಿಕೆ, ಆಮೇಲೆ ಯಾವುದೋ ಹಳ್ಳಿಯ ಧರ್ಮಕೇಂದ್ರ (ಚರ್ಚು). ಹುಡುಗ ಒಂದು ಇಂಗ್ಲಿಷ್ ಪುಸ್ತಕ ಇಟ್ಕೊಂಡು ದಿನಕ್ಕೆ ಐವತ್ತು ಪದ ಉರು ಹೊಡೀತಾ ಕೂತಿದ್ದಾನೆ. ಮಗ್ಗಿ ಥರ ಒಪ್ಪಿಸ್ತಾನೆ, ಒಂದು ವಾಕ್ಯ ಹೇಳಪ್ಪ ಅಂದ್ರೆ ತಲೆ ಕೆರ್ಕೋತಾನೆ. ಹೊರಡೋಕೆ ಎರಡು ತಿಂಗಳಿದೆ. ಅಲ್ಲಿ ದಿನ ಹೇಗೆ ಕಳೆಯುತ್ತೆ, ಇಲ್ಲಿಂದಲೇ ಏನು ಕಲಿತು ಹೋದ್ರೆ ಉಪಯೋಗ? ಗೊತ್ತಿದ್ದವರು ಹೇಳಿ. ಮತಾಂತರದ ಜಗಳಕ್ಕೆ ಬೇರೆ ಜಾಗ ಇದೆ, ಇಲ್ಲಿ ಬೇಡ.

ಮಗ್ಗಿ_ಮೇಷ್ಟ್ರು
ಐವತ್ತು ಪದ ಇವತ್ತೇ ನಿಲ್ಲಿಸಿ ಅನ್ನಿ. ಸ್ವಾಹಿಲಿಯಲ್ಲಿ ಒಂಟಿ ಪದ ಉರು ಹೊಡೆದು ಉಪಯೋಗ ಇಲ್ಲ, ಯಾಕಂದ್ರೆ ಒಂದು ನಾಮಪದ ಇಡೀ ವಾಕ್ಯದ ತಲೆ ಬದಲಾಯಿಸುತ್ತೆ.

‘ಕಿತಾಬು’ ಅಂದ್ರೆ ಪುಸ್ತಕ. ಬಹುವಚನ ‘ವಿತಾಬು’. ಅರಬ್ಬಿಯಿಂದ ಬಂದ ಪದ, ಅದರ ‘ಕಿ’ಯನ್ನೇ ತಮ್ಮ ಪ್ರತ್ಯಯ ಅಂತ ಲೆಕ್ಕ ಹಿಡಿದು ಕಿತ್ತು ‘ವಿ’ ಹಾಕಿಬಿಟ್ಟಿದ್ದಾರೆ. ಈಗ ‘ಒಂದು ಒಳ್ಳೆ ಪುಸ್ತಕ ಬಿದ್ದಿದೆ’ ಅನ್ನೋಕೆ: ಕಿತಾಬು ಕಿಜ಼ುರಿ ಕಿಮೊಜ ಕಿಮೆಅಂಗುಕ. ಎರಡು ಪುಸ್ತಕ ಆದ್ರೆ: ವಿತಾಬು ವಿಜ಼ುರಿ ವಿವಿಲಿ ವಿಮೆಅಂಗುಕ. ನಾಲ್ಕು ಪದಕ್ಕೂ ಅದೇ ಟೋಪಿ. ಮನುಷ್ಯರಾದ್ರೆ ಟೋಪಿ ಬೇರೆ: ಒಂದು ಮಗು ‘ಮ್ತೊತೊ’, ಮಕ್ಕಳು ‘ವತೊತೊ’.

ಆದ್ದರಿಂದ ನೋಟ್‌ಬುಕ್ಕಲ್ಲಿ ಪದ ಬರೆಯೋದಾದ್ರೆ ಮೂರು ಕಾಲಂ ಹಾಕಿಸಿ. ಏಕವಚನ, ಬಹುವಚನ, ಆ ಪದ ಇರೋ ಪುಟ್ಟ ವಾಕ್ಯ. ದಿನಕ್ಕೆ ಹತ್ತು ಸಾಕು. ಹನ್ನೊಂದನೇದು ಬೇಡ.

ಇನ್ನೊಂದು ಮಾತು. ಇಂಗ್ಲಿಷ್ ಪುಸ್ತಕ ಪಕ್ಕದಲ್ಲಿ ಇರಲಿ, ಆದ್ರೆ ಅರ್ಥ ಕನ್ನಡದಲ್ಲೇ ಬರೀಲಿ. ಇಂಗ್ಲಿಷಲ್ಲಿ ಕಷ್ಟ ಅನ್ನಿಸೋ ಅರ್ಧ ವಿಷಯ ಕನ್ನಡದವನಿಗೆ ಮನೆ ಮಾತು. ‘ನಿತಕುಪಿಕಿಯ’ ಅನ್ನೋದು ಒಂದೇ ಪದ. ನಿ ಅಂದ್ರೆ ನಾನು, ತ ಅಂದ್ರೆ ಮುಂದೆ ಆಗೋದು, ಕು ಅಂದ್ರೆ ನಿನಗೆ, ಪಿಕ್ ಅಂದ್ರೆ ಅಡುಗೆ ಮಾಡು, ಆಮೇಲಿನ ಇ ಅಂದ್ರೆ ನಮ್ಮ ‘ಕೊಡು’. ಒಟ್ಟಾಗಿ ‘ನಿನಗೆ ಅಡುಗೆ ಮಾಡಿಕೊಡ್ತೀನಿ’. ಬರೆ ‘ಅಂದಿಕ’, ಬರೆದುಕೊಡು ‘ಅಂದಿಕಿಯ’. ಓದು ‘ಸೊಮ’, ಓದಿಸು ‘ಸೊಮೆಶ’. ಮರಳು ‘ರುದಿ’, ಮರಳಿಸು ‘ರುದಿಶ’. ನಮ್ಮ ‘ಇಸು’ ಅಲ್ಲಿ ‘ಇಶ’, ‘ಎಶ’ ಆಗಿ ಕೂತಿದೆ. ನಾವು ಬಾಲದಲ್ಲಿ ಅಂಟಿಸ್ತೀವಿ, ಅವರು ಬಹುಪಾಲು ತಲೆಯಲ್ಲಿ.

ಸರಸ್ವತಿಪುರಂ_ಸಂದೇಹಿ
ಮೇಷ್ಟ್ರೇ, ಅರ್ಧ ಸತ್ಯ. ಕನ್ನಡದ ಮೂಲಕ ಹೋದವನು ಪದಗಳ ಸಾಲಲ್ಲಿ ಎಡವುತ್ತಾನೆ. ನಮ್ಮದು ‘ನಾನು ಅನ್ನ ತಿಂತೀನಿ’, ಕ್ರಿಯಾಪದ ಕೊನೆಗೆ. ಅವರದು ‘ನಿನಕುಲ ವಲಿ’, ತಿಂತೀನಿ ಅನ್ನ. ನಮ್ಮದು ಮೇಷ್ಟ್ರ ಪುಸ್ತಕ, ಅವರದು ‘ಕಿತಾಬು ಚ ಮ್ವಲಿಮು’, ಪುಸ್ತಕ ಮೊದಲು ಮೇಷ್ಟ್ರು ಆಮೇಲೆ. ಒಳ್ಳೆ ಹುಡುಗ ಅಲ್ಲಿ ಹುಡುಗ ಒಳ್ಳೆ. ಕನ್ನಡದಲ್ಲಿ ಯೋಚನೆ ಮಾಡಿ ತಿರುಗಿಸೋಕೆ ಹೋದ್ರೆ ವಾಕ್ಯ ತಿಪ್ಪರಲಾಗ. ಮೇಲಾಗಿ ಅಲ್ಲಿ ಹೊರಗಿನವರಿಗೆ ಪಾಠ ಹೇಳೋರು ಇಂಗ್ಲಿಷಲ್ಲೇ ವಿವರಿಸೋದು. ವ್ಯಾಕರಣದ ಇಂಗ್ಲಿಷ್ ಹೆಸರುಗಳು ಗೊತ್ತಿಲ್ಲದೆ ಹೋದ್ರೆ ಮೊದಲ ವಾರವೇ ಹಿಂದೆ ಬೀಳ್ತಾನೆ.

ಮಗ್ಗಿ_ಮೇಷ್ಟ್ರು
ಪದಗಳ ಸಾಲಿನ ವಿಷಯ ಒಪ್ಪಿದೆ. ಅದು ಒಂದು ವಾರದ ರೋಗ, ಬಾಯಿಗೆ ವಾಕ್ಯ ಹತ್ತಿದ ಮೇಲೆ ಹೋಗುತ್ತೆ. ಆದ್ರೆ ನೆಂಟಸ್ತಿಕೆ ನೋಡಿ. ಬಾಬ ಅಂದ್ರೆ ಅಪ್ಪ. ‘ಬಾಬ ಮ್ದೊಗೊ’ ಚಿಕ್ಕಪ್ಪ, ‘ಬಾಬ ಮ್ಕುಬ್ವ’ ದೊಡ್ಡಪ್ಪ. ಮ್ದೊಗೊ ಚಿಕ್ಕ, ಮ್ಕುಬ್ವ ದೊಡ್ಡ, ಅಕ್ಷರಶಃ. ಚಿಕ್ಕಮ್ಮ ದೊಡ್ಡಮ್ಮಂದಿರಿಗೂ ಹೀಗೇ, ‘ಮಾಮ’ ಮುಂದೆ ಅದೇ ಎರಡು ಪದ. ಸೋದರತ್ತೆಗೆ ಬೇರೆ ಪದ ‘ಶಂಗಜ಼ಿ’, ಸೋದರಮಾವನಿಗೆ ‘ಮ್ಜೊಂಬ’. ಇಂಗ್ಲಿಷಿನ ಅಂಕಲ್ಲು ಆಂಟಿ ಇಟ್ಕೊಂಡು ಇದನ್ನ ಕಲಿಯೋಕೆ ಚಾರ್ಟ್ ಬೇಕು. ನಮ್ಮವರಿಗೆ ಒಂದು ನಿಮಿಷ.

ಪಾಂಡವಪುರ_ಪುಟ್ಟಿ
ಅಂದ್ರೆ ಪೋಸ್ಟ್ ಹಾಕಿದೋರು ಬನ್ನಿಮಂಟಪದ ಮ್ಜೊಂಬ 😄

ಬನ್ನಿಮಂಟಪದ_ಮಾವ
ಹೆಸರು ಬದಲಾಯಿಸ್ಕೋಬೇಕು ಅನ್ಸುತ್ತೆ. ಹಿಂದಿ ಗೊತ್ತಿದ್ರೆ ಸುಲಭ ಅಂತ ಯಾರೋ ಹೇಳಿದ್ರು, ಅದು ನಿಜವಾ?

ಸರಸ್ವತಿಪುರಂ_ಸಂದೇಹಿ
ನೆಂಟಸ್ತಿಕೆಯಲ್ಲಂತೂ ಅಪಾಯ. ‘ದಾದ’ ಅಂದ್ರೆ ಅಲ್ಲಿ ಅಕ್ಕ. ‘ಕಾಕ’ ಅಂದ್ರೆ ಅಣ್ಣ. ‘ಬಾಬು’ ತಾತ, ‘ಬೀಬಿ’ ಅಜ್ಜಿ. ಹಿಂದಿ ನಂಬಿ ಹೋದ್ರೆ ಅಜ್ಜಿಗೆ ಒಂದು ಹೇಳೋಕೆ ಹೋಗಿ ಇನ್ನೊಂದು ಹೇಳಿ ಬರ್ತಾನೆ.

ಗೋಣಿಚೀಲ
ಪದಗಳ ವಿಷಯಕ್ಕೆ ಬಂದ್ರೆ ಸಂತೇಪೇಟೆಯಲ್ಲಿ ಓಡಾಡಿದೋರಿಗೆ ಎಷ್ಟೋ ಪದ ಆಗಲೇ ಗೊತ್ತು. ಗುನಿಯ ಅಂದ್ರೆ ಗೋಣಿ. ಹೆಸಾಬು ಅಂದ್ರೆ ಹಿಸಾಬು. ದುನಿಯ ದುನಿಯಾನೇ. ದುಕ ಅಂದ್ರೆ ಅಂಗಡಿ, ದುಕಾನು. ದವ ಔಷಧಿ. ಗಾರಿ ಅಂದ್ರೆ ಗಾಡಿ. ಬಜಿಯ ಅಂದ್ರೆ ಬಜ್ಜಿ. ಲಕಿ ಅಂದ್ರೆ ಲಕ್ಷ, ಪೂರ್ತಿ ಒಂದು ಲಕ್ಷ! ಮೆಜ಼ ಅಂದ್ರೆ ಮೇಜು, ಪದ್ರಿ ಅಂದ್ರೆ ಪಾದ್ರಿ. ಈ ಎರಡೂ ಪೋರ್ಚುಗೀಸರು ಅಲ್ಲೂ ಇಲ್ಲೂ ಬಿಟ್ಟು ಹೋದ ಪದ. ಹುಡುಗ ಅಲ್ಲಿಗೆ ಹೋದ ಮೇಲೆ ಅವನ ಕೆಲಸದ ಹೆಸರೇ ಕಲಿಯೋ ಹಾಗಿಲ್ಲ.

ಙ_ಅಭಿಮಾನಿ
ಎಲ್ರೂ ಅರ್ಥದ ಹಿಂದೆ ಬಿದ್ದಿದ್ದೀರಿ. ನಮ್ಮವರು ಸಿಕ್ಕಿಬೀಳೋದು ಉಚ್ಚಾರದಲ್ಲಿ. ಸ್ವಲ್ಪ ಉದ್ದ ಆಗುತ್ತೆ, ತಡ್ಕೊಳ್ಳಿ.

ಹಸುಗೆ ಅವರು ಹೇಳೋದು ‘ಙೊಂಬೆ’. ಹೌದು, ನಮ್ಮ ವರ್ಣಮಾಲೆಯಲ್ಲಿ ಒಂದನೇ ಕ್ಲಾಸಿನಿಂದ ಕೆಲಸ ಇಲ್ಲದೆ ಕೂತಿರೋ ಅದೇ ಙ. ಬರೆಯುವಾಗ ಎನ್ ಜಿ ಹಾಕಿ ಮೇಲೊಂದು ಚುಕ್ಕಿ ಅಂದ್ರೆ ಅಪಾಸ್ಟ್ರಫಿ ಹಾಕ್ತಾರೆ. ಆ ಚುಕ್ಕಿ ಇಲ್ದಿದ್ರೆ ‘ಙ್ಗ’, ಉದಾಹರಣೆಗೆ ‘ಙ್ಗೊಮ’, ಡೋಲು. ಸುಲಭದ ದಾರಿ: ‘ಅಂಗಡಿ’ ಅನ್ನೋಕೆ ಹೊರಟು ಗ ಬರೋ ಮೊದಲೇ ನಿಲ್ಲಿಸಿ, ಮೂಗಲ್ಲಿ ನಿಂತ ಸದ್ದು ಇದ್ಯಲ್ಲ, ಅದರ ಮುಂದೆ ‘ಒಂಬೆ’ ಸೇರಿಸಿ. ಞ ಕೂಡ ಅಲ್ಲಿ ಕೆಲಸ ಮಾಡುತ್ತೆ: ಮನೆ ‘ಞುಂಬ’, ಹಾವು ‘ಞೊಕ’.

ಎರಡನೇದು. ಮ್ತು (ಮನುಷ್ಯ), ಮ್ಬಿಲಿ (ಎರಡು), ನ್ದಿಯೊ (ಹೌದು) ಇಂಥ ಪದಗಳ ಮುಂದೆ ನಮ್ಮವರು ಗೊತ್ತಿಲ್ಲದೇ ಸ್ವರ ಸೇರಿಸ್ತಾರೆ. ‘ಎಂಬಿಲಿ’, ‘ಇಂದಿಯೊ’, ‘ಮುತು’ ಅಂತ. ಸ್ಕೂಲಿಗೆ ಇಸ್ಕೂಲ್ ಅನ್ನೋ ಹಾಗೆ. ತುಟಿ ಮುಚ್ಚಿ ‘ಮ್’ ಅಂತ ಒಂದು ತಾಳ ಹಿಡಿದು ಆಮೇಲೆ ‘ತು’. ಎರಡು ತಾಳದ ಪದ ಅದು.

ಮೂರನೇದು ಒತ್ತು. ನಾವು ಪದದ ಮೊದಲ ಅಕ್ಷರಕ್ಕೆ ಒತ್ತು ಕೊಡ್ತೀವಿ, ಅವರು ಕೊನೆಯಿಂದ ಎರಡನೇದಕ್ಕೆ. ಬರಬಾರ ಅಂತ ‘ಬಾ’ ಮೇಲೆ ಒತ್ತು ಕೊಟ್ರೆ ರಸ್ತೆ. ಬರಾಬರ ಅಂತ ‘ರಾ’ ಮೇಲೆ ಕೊಟ್ರೆ ಸರಿಯಾಗಿ, ನಮ್ಮ ಬರೋಬ್ಬರಿ.

ನಾಲ್ಕನೇದು, ಇದನ್ನ ಫಾದರ್ ಆದೋನು ಗೋಡೆ ಮೇಲೆ ಬರೆದಿಟ್ಕೋಬೇಕು. ಕುಡಿಯೋದು ‘ಕುಞ್ವ’. ಆ ‘ವ’ ನುಂಗಿ ‘ಕುಞ’ ಅಂದ್ರೆ ಹೊರಕಡೆಗೆ ಹೋಗೋದು. ‘ನೀರು ಕುಡೀತಿದ್ದೀನಿ’ ಅನ್ನೋಕೆ ಹೋದವನು ಏನು ಹೇಳ್ತಾನೆ ನೀವೇ ಊಹಿಸಿ. ಹಾಗೇ ಕುಫ ಅಂದ್ರೆ ಸಾಯೋದು, ಕೊನೆಯ ಅ ಎರಡು ಸಲ ಬಂದು ಕುಫಅ ಆದ್ರೆ ಸರಿಹೊಂದೋದು.

ಪಾಂಡವಪುರ_ಪುಟ್ಟಿ
ನಾಲ್ಕನೇದು ಓದಿ ಆಫೀಸಲ್ಲಿ ನಕ್ಕುಬಿಟ್ಟೆ.

ವಿಜಯನಗರ_ನಾಲ್ಕನೇ_ಹಂತ
ಜ಼ ಮರೆತ್ರಿ. ‘ಚೆನ್ನಾಗಿದೆ’ಗೆ ನ್ಜ಼ುರಿ. ನಮ್ಮವರು ನ್ಜುರಿ ಅಂತಾರೆ. ಝೂ ಕಡೆ ಹೋಗೋಣ ಅನ್ನೋಕೆ ‘ಜೂ ಕಡೆ’ ಅನ್ನೋ ಮೈಸೂರಿನವರಿಗೆ ಇದು ಕಷ್ಟವೇ. ದುಡ್ಡು ‘ಫೆದ’ದಲ್ಲಿರೋ ದ ಕೂಡ ನಮ್ಮ ದ ಅಲ್ಲ, ನಾಲಿಗೆ ತುದಿ ಹಲ್ಲುಗಳ ಮಧ್ಯೆ ಬರಬೇಕು. ಆದ್ರೆ ಈ ದ ತಪ್ಪಿದ್ರೆ ಯಾರೂ ತಪ್ಪು ತಿಳ್ಕೊಳ್ಳಲ್ಲ. ಮೊದಲು ಙ, ಮ್, ಒತ್ತು. ಉಳಿದದ್ದು ನಿಧಾನಕ್ಕೆ.

ಬ್ರದರ್_ಅಲ್ಲ_ಬರೀ_ಓದುಗ
ದಿನಚರಿ ಕೇಳಿದ್ರಲ್ಲ. ಮುಸೋಮಾ ಅಂದ ಮೇಲೆ ಬಹುಶಃ ಅಲ್ಲಿನ ಮಕೋಕೋದ ಭಾಷಾ ಶಾಲೆ, ಮೇರಿನೋಲ್ ಅನ್ನೋ ಅಮೆರಿಕದ ಮಿಷನರಿ ಸಭೆಯ ಫಾದರ್‌ಗಳು ಶುರು ಮಾಡಿದ್ದು. ಇಂಥ ಶಾಲೆಗಳ ಕ್ರಮ ಹೆಚ್ಚುಕಮ್ಮಿ ಒಂದೇ. ಬೆಳಿಗ್ಗೆ ಪೂಜೆ, ಉಪಾಹಾರ, ಆಮೇಲೆ ಮಧ್ಯಾಹ್ನದವರೆಗೆ ಮೂರ್ನಾಲ್ಕು ಜನರ ಪುಟ್ಟ ಗುಂಪಿನಲ್ಲಿ ಪಾಠ. ಮೇಷ್ಟ್ರು ಒಂದು ವಾಕ್ಯ ಹೇಳ್ತಾರೆ, ಅದನ್ನೇ ಹೌದು, ಅಲ್ಲ, ನಿನ್ನೆ, ನಾಳೆ, ನಾವು, ಅವರು ಅಂತ ಹತ್ತು ರೀತಿ ತಿರುಗಿಸಿ ಹೇಳಿಸ್ತಾರೆ. ಬೇಜಾರು ಹಿಡಿಸುತ್ತೆ, ನಾಲಿಗೆ ತಿರುಗೋದು ಅದರಿಂದಲೇ. ಮಧ್ಯಾಹ್ನ ಧ್ವನಿಮುದ್ರಣ ಕೇಳಿ ಒಪ್ಪಿಸೋದು, ಸಂಜೆ ಊರೊಳಗೆ ನಡೆಯೋದು.

ಸಂಜೆಯ ಆ ನಡಿಗೆ ತಪ್ಪಿಸಬಾರದು. ಬೆಳಿಗ್ಗೆ ಕಲಿತ ಐದು ವಾಕ್ಯ, ಅಷ್ಟೇ. ಅವನ್ನೇ ಇಪ್ಪತ್ತು ಜನರ ಹತ್ರ ಆಡಬೇಕು. ಟೊಮೇಟೊ ಮಾರೋಳ ಹತ್ರ ‘ಬೇಯಿ ಗಾನಿ?’ (ಎಷ್ಟು?), ಹೇಳಿದ ಮೇಲೆ ‘ಪುಂಗುಜ಼ ಕಿದೊಗೊ’ (ಸ್ವಲ್ಪ ಕಮ್ಮಿ ಮಾಡಿ). ಇಪ್ಪತ್ತನೇ ಮನುಷ್ಯನ ಹೊತ್ತಿಗೆ ಉತ್ತರ ಏನು ಬರುತ್ತೆ ಅನ್ನೋದು ಕಿವಿಗೆ ಕೂತಿರುತ್ತೆ. ಹೊಸಬರು ಸೋಲೋದು ಮಾತಾಡೋದರಲ್ಲಿ ಅಲ್ಲ, ಉತ್ತರ ಕೇಳಿಸಿಕೊಳ್ಳೋದರಲ್ಲಿ.

ಫಾದರ್‌ಗಳಿಗೇ ಅಂಟೋ ಇನ್ನೊಂದು ಕಾಯಿಲೆ ಇದೆ. ಸ್ವಾಹಿಲಿ ಬರೆದ ಹಾಗೇ ಓದೋ ಭಾಷೆ. ಮೂರನೇ ವಾರಕ್ಕೆ ಪೂಜೆಯ ಪ್ರಾರ್ಥನೆ, ಶುಭಸಂದೇಶ ಎಲ್ಲ ಸರಾಗ ಓದಬಹುದು. ಜನ ‘ಎಷ್ಟು ಚೆನ್ನಾಗಿ ಮಾತಾಡ್ತಾರೆ’ ಅಂತಾರೆ, ಹುಡುಗ ನಂಬ್ತಾನೆ, ಸಂಜೆ ನಡಿಗೆ ನಿಲ್ಲಿಸ್ತಾನೆ. ಆಮೇಲೆ ಪಾಪನಿವೇದನೆಗೆ ಕೂತಾಗ ಅಜ್ಜಿಯೊಬ್ಬರು ಹಲ್ಲಿಲ್ಲದ ಬಾಯಲ್ಲಿ ಪಿಸುಗುಟ್ಟಿದ್ರೆ ಒಂದು ಅಕ್ಷರ ಅರ್ಥ ಆಗಲ್ಲ. ಅದರ ಮೇಲೆ ಆ ಭಾಗದ ಹಳ್ಳಿಗಳಲ್ಲಿ ಮನೆ ಮಾತು ಜೀತ, ಕುರ್ಯ, ಲುಓ ಹೀಗೆ ಬೇರೆ ಬೇರೆ. ವಯಸ್ಸಾದವರಿಗೆ ಸ್ವಾಹಿಲಿ ಎರಡನೇ ಭಾಷೆ.

ಸರಸ್ವತಿಪುರಂ_ಸಂದೇಹಿ
ಹಾಗಾದ್ರೆ ಸ್ವಾಹಿಲಿ ಬಿಟ್ಟು ಜೀತಾನೇ ಕಲೀಬಹುದಲ್ಲ?

ಬ್ರದರ್_ಅಲ್ಲ_ಬರೀ_ಓದುಗ
ಆಗಲ್ಲ. ಶಾಲೆ, ಸರ್ಕಾರಿ ಕಚೇರಿ, ಪೂಜೆ ಎಲ್ಲ ಸ್ವಾಹಿಲಿಯಲ್ಲಿ. ತಾಂಜಾನಿಯಾದ ಮೊದಲ ಅಧ್ಯಕ್ಷ ನ್ಯೆರೇರೆ ಹುಟ್ಟಿದ ಬುಟಿಯಾಮ, ಮುಸೋಮಾ ಇರೋ ಅದೇ ಮಾರಾ ಪ್ರಾಂತ್ಯದ್ದು. ಅವರ ಮನೆ ಮಾತು ಜ಼ನಾಕಿ, ಆದ್ರೆ ದೇಶವನ್ನ ಸ್ವಾಹಿಲಿಯಲ್ಲಿ ನಡೆಸಿ, ಶೇಕ್ಸ್‌ಪಿಯರ್ ನಾಟಕಗಳನ್ನೂ ಸ್ವಾಹಿಲಿಗೆ ತಂದರು. ಮೊದಲು ಸ್ವಾಹಿಲಿ, ಹಳ್ಳಿ ಗೊತ್ತಾದ ಮೇಲೆ ಆ ಊರಿನ ಮಾತಲ್ಲಿ ನಮಸ್ಕಾರ, ಸಾವಿನ ಮನೆಯಲ್ಲಿ ಆಡೋ ನಾಲ್ಕು ಮಾತು.

ಕೆಆರ್‌ಪೇಟೆ_ಹೈದ
ಅದೆಲ್ಲ ಸರಿ ಕನಣ್ಣ, ಹೊಟ್ಟೆಗೆ ಏನು? ಮುದ್ದೆ ಸಿಕ್ಕದಾ ಅಲ್ಲಿ?

ಗೋಣಿಚೀಲ
ಮುದ್ದೆಯ ಅಣ್ಣತಮ್ಮ ಸಿಗ್ತಾನೆ. ಉಗಲಿ. ಮುಸುಕಿನ ಜೋಳದ ಹಿಟ್ಟು, ಎರಡು ಲೋಟ ನೀರಿಗೆ ಹೆಚ್ಚುಕಮ್ಮಿ ಒಂದು ಲೋಟ. ನಮ್ಮ ಹಾಗೆ ಕುದಿಯೋ ಎಸರಿಗೆ ಹಿಟ್ಟನ್ನ ಗುಡ್ಡೆ ಸುರಿದು ಬೇಯೋಕೆ ಬಿಡಲ್ಲ. ಮೊದಲು ಸ್ವಲ್ಪ ಹಿಟ್ಟು ಕದಡಿ ಗಂಜಿ ಕುದಿಸಿ, ಉಳಿದ ಹಿಟ್ಟು ಸ್ವಲ್ಪ ಸ್ವಲ್ಪವೇ ಹಾಕ್ತಾ ‘ಮ್ವಿಕೊ’ ಅನ್ನೋ ಚಪ್ಪಟೆ ಮರದ ಸೌಟಲ್ಲಿ ಪಾತ್ರೆ ಗೋಡೆಗೆ ಒತ್ತಿ ಒತ್ತಿ ತಿರುವೋದು. ಗಂಟು ಆಯ್ತು ಅಂದ್ರೆ ಹಿಟ್ಟು ಒಂದೇ ಸಲ ಸುರಿದಿದ್ದಾರೆ ಅಂತ.

ತಿನ್ನೋದು ಬೇರೆ ಥರ. ಮಂಡ್ಯದವನ ಹಾಗೆ ಸಾರಲ್ಲಿ ಅದ್ದಿ ನುಂಗಬಾರದು, ಗಂಟಲಲ್ಲಿ ನಿಲ್ಲುತ್ತೆ. ಬಲಗೈಯಲ್ಲಿ ಚೂರು ಮುರಿದು, ಉಂಡೆ ಮಾಡಿ, ಹೆಬ್ಬೆಟ್ಟಲ್ಲಿ ಗುಳಿ ಮಾಡಿ, ಅದರಲ್ಲಿ ಸೊಪ್ಪನ್ನೋ ಸಾರನ್ನೋ ತುಂಬಿಕೊಂಡು ಅಗೀಬೇಕು. ಸೊಪ್ಪು ‘ಮ್ಚಿಚ’, ನಮ್ಮ ದಂಟಿನ ಸೊಪ್ಪಿನ ಜಾತಿ. ತೊಗರಿ ‘ಮ್ಬಾಜ಼ಿ’, ಹೆಸರುಕಾಳು ‘ಚೊರೊಕೊ’. ರಾಗಿಯೂ ಇದೆ, ‘ಉಲೆಜ಼ಿ’, ಆದ್ರೆ ಹೆಚ್ಚಾಗಿ ‘ಉಜಿ’ ಅಂದ್ರೆ ಅಂಬಲಿಗೆ. ರಾಗಿ ಮೂಲತಃ ಪೂರ್ವ ಆಫ್ರಿಕಾದ್ದೇ ಬೆಳೆ, ಅಲ್ಲಿಂದ ನಮಗೆ ಬಂದದ್ದು. ಹುಡುಗ ತೌರಿಗೆ ಹೋಗ್ತಿದ್ದಾನೆ ಅನ್ಕೊಳ್ಳಿ. ಮಾಂಸ ತಿನ್ನಲ್ಲ ಅಂದ್ರೆ ‘ಸಿಲಿ ಞಮ’. ಸಾಕು ಅನ್ನೋಕೆ ‘ನಿಮೆಶಿಬ’.

ಕೆಆರ್‌ಪೇಟೆ_ಹೈದ
ಮುದ್ದೆ ಅಗಿಯೋದಾ? ಅನ್ಯಾಯ ಕನ್ಲಾ. ರಾಗಿ ನಮ್ದಲ್ಲ ಅಂತ ಮಂಡ್ಯದಲ್ಲಿ ಬಂದು ಹೇಳು ನೋಡಾನ.

ಗಳಿಗೆಬಟ್ಟಲು
ಗಡಿಯಾರದ ವಿಷಯ ಯಾರೂ ಹೇಳಿಲ್ಲ. ಸ್ವಾಹಿಲಿಯಲ್ಲಿ ಹೊತ್ತು ಎಣಿಸೋದು ಬೆಳಗಾದಾಗಿನಿಂದ. ನಮ್ಮ ಪಂಚಾಂಗದ ಗಳಿಗೆ ಸೂರ್ಯೋದಯದಿಂದ ಶುರು ಆಗೋ ಹಾಗೆ. ಬೆಳಿಗ್ಗೆ 7 ಅಂದ್ರೆ ‘ಸಾ ಮೊಜ’, ಒಂದು ಗಂಟೆ. 8 ಅಂದ್ರೆ ‘ಸಾ ಮ್ಬಿಲಿ’, ಎರಡು. ಗಡಿಯಾರದಲ್ಲಿ ಆರು ಕಳೀಬೇಕು, ಅಥವಾ ಚಿಕ್ಕ ಮುಳ್ಳಿನ ಎದುರುಗಡೆ ಇರೋ ಅಂಕಿ ಓದಬೇಕು. ಫೋನಲ್ಲಿ 8.00 ಅಂತ ಇರುತ್ತೆ, ಬಾಯಲ್ಲಿ ‘ಎರಡು’ ಅಂತಾರೆ. ‘ಸಾ ನ್ನೆ’ಗೆ ಅಂದ್ರೆ ನಾಲ್ಕಕ್ಕೆ ಪೂಜೆ ಅಂದ್ರೆ ಬೆಳಿಗ್ಗೆ ಹತ್ತಕ್ಕೆ. ಬಸ್ ಟಿಕೆಟ್ ತಗೊಳ್ಳುವಾಗ ಯಾವ ಲೆಕ್ಕದ ಗಂಟೆ ಅಂತ ಎರಡು ಸಲ ಕೇಳಲಿ.

ಮಾವನವರೇ ನಿಮಗೆ: ಮೈಸೂರಲ್ಲಿ ಸಂಜೆ 7 ಅಂದ್ರೆ ಅಲ್ಲಿ ಸಂಜೆ 4.30, ಅವರ ಮಾತಲ್ಲಿ ಹತ್ತೂವರೆ.

ವಾರವೂ ಹಾಗೇ. ಎಣಿಕೆ ಶನಿವಾರದಿಂದ. ಜುಮಮೊಸಿ ಶನಿವಾರ, ಅಂದ್ರೆ ಮೊದಲನೇದು. ಜುಮಪಿಲಿ, ಎರಡನೇದು, ಭಾನುವಾರ. ಜುಮತತು ಸೋಮವಾರ. ‘ತತು’ ಅಂದ್ರೆ ಮೂರು ಅಂತ ಕಲಿತವನು ಅದನ್ನ ಬುಧವಾರ ಅಂದ್ಕೊಂಡು ಎರಡು ದಿನ ತಡವಾಗಿ ಹೋಗ್ತಾನೆ.

ಮೆಡಿಕಲ್_ಸ್ಟೋರ್_ಮೂಲೆ
ಆರೋಗ್ಯದ ಬಗ್ಗೆ ಮೂರು ಮಾತು. ಹಳದಿ ಜ್ವರದ ಲಸಿಕೆ ಹೊರಡೋಕೆ ಕನಿಷ್ಠ 10 ದಿನ ಮೊದಲು ಹಾಕಿಸಬೇಕು, ಆಗಲೇ ಲಸಿಕೆ ಹಾಕಿಸಿದ್ದಕ್ಕೆ ಕೊಡೋ ಪ್ರಮಾಣಪತ್ರದ ಪುಸ್ತಕಕ್ಕೆ ಬೆಲೆ. ಒಂದು ಸಲ ಹಾಕಿಸಿದ್ರೆ ಜೀವನಪೂರ್ತಿ ನಡೆಯುತ್ತೆ. ನೈರೋಬಿ, ಅಡಿಸ್ ಅಬಾಬಾ ಕಡೆಯಿಂದ ಹೋಗೋದಾದ್ರೆ ಕೇಳಬಹುದು. ಮೊಟ್ಟೆ ಆಗದವರು ವೈದ್ಯರಿಗೆ ಮೊದಲೇ ಹೇಳಲಿ. ಮಲೇರಿಯಾ ಆ ದಡದಲ್ಲಿ ವರ್ಷಪೂರ್ತಿ. ಔಷಧಿ ಲೇಪಿಸಿದ ಸೊಳ್ಳೆ ಪರದೆ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ. ಮಾತ್ರೆ ಯಾವುದು ಅಂತ ವೈದ್ಯರೇ ಹೇಳಲಿ. ಮೂರನೇದು, ಸರೋವರ ಚೆನ್ನಾಗಿದೆ ಅಂತ ದಡದ ಜೊಂಡಿನ ನೀರಲ್ಲಿ ಕಾಲು ಇಳಿಬಿಡಬಾರದು. ಅಲ್ಲಿನ ಬಸವನಹುಳುಗಳಿಂದ ‘ಕಿಚೊಚೊ’ ಅನ್ನೋ ರೋಗದ ಹುಳ ಚರ್ಮದೊಳಗೆ ಹೋಗುತ್ತೆ, ಮಲದಲ್ಲೋ ಮೂತ್ರದಲ್ಲೋ ರಕ್ತ ಬರಬಹುದು.

ಗಂಜಾಂ_ಗೆಳೆಯ
ಸ್ವಲ್ಪ ದಾರಿ ತಪ್ಪಿಸ್ತೀನಿ. ಇದೇ ಕೆಲಸ ನಮ್ಮೂರಲ್ಲಿ ಉಲ್ಟಾ ನಡೆದಿತ್ತು. 1649ರಲ್ಲಿ ಚಿನ್ನಾಮಿ ಅನ್ನೋ ಇಟಲಿಯ ಜೆಸುಯಿಟ್ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಬರೆದರು. 1799ರ ನಂತರ ಫ್ರಾನ್ಸಿನ ಅಬ್ಬೆ ದುಬಾಯಿ ಗಂಜಾಂನಲ್ಲಿದ್ದು, ನಮ್ಮವರ ಹಾಗೇ ಉಡುಪು ಹಾಕ್ಕೊಂಡು ‘ದೊಡ್ಡಸ್ವಾಮಿಯೋರು’ ಅನ್ನಿಸಿಕೊಂಡರು, 1823ರಲ್ಲಿ ವಾಪಸ್ ಹೋದರು. ಇನ್ನೊಂದು ಜೋಡಿ ನೋಡಿ: ನಮ್ಮ ಕಿಟೆಲ್ ಓದಿದ್ದು ಬಾಸೆಲ್‌ನಲ್ಲಿ, ಅವರ ಕನ್ನಡ ನಿಘಂಟು 1894. ಸ್ವಾಹಿಲಿಗೆ ಮೊದಲ ನಿಘಂಟು ಮಾಡಿದ ಕ್ರಾಫ್ ಕೂಡ ಬಾಸೆಲ್‌ನಲ್ಲೇ ಓದಿದವರು. 1844ರಲ್ಲಿ ಮೊಂಬಾಸಾ ಸೇರಿದರು, ಅದೇ ವರ್ಷ ಹೆಂಡತಿ, ಆಗಷ್ಟೇ ಹುಟ್ಟಿದ ಮಗಳು ಇಬ್ಬರೂ ತೀರಿಹೋದರು. ನಿಘಂಟು ಅಚ್ಚಾಗಿದ್ದು 1882ರಲ್ಲಿ, ಅವರು ಸತ್ತ ಮರುವರ್ಷ.

ಪಾಂಡವಪುರ_ಪುಟ್ಟಿ
ನಮಸ್ಕಾರ ಹೇಗೆ ಹೇಳೋದು ಅಂತ ಇನ್ನೂ ಯಾರೂ ಹೇಳಲಿಲ್ಲ 🙄 ಮೊದಲ ದಿನ ಬೇಕಾಗೋದು ಅದೇ ಅಲ್ವಾ?

ಮಗ್ಗಿ_ಮೇಷ್ಟ್ರು
ಸರಿಯಾಗಿ ಹಿಡಿದೆ ಪುಟ್ಟಿ. ಹಿರಿಯರಿಗೆ ‘ಶಿಕಮೊ’, ಅವರು ‘ಮರಹಬ’ ಅಂತಾರೆ. ‘ನಿಮ್ಮ ಕಾಲು ಹಿಡಿದೆ’ ಅನ್ನೋ ಮಾತಿನಿಂದ ಬಂದದ್ದು ಅಂತಾರೆ. ನಮ್ಮ ‘ಅಡ್ಡಬಿದ್ದೆ ಬುದ್ಧೀ’ ಇದ್ಹಾಗೆ. ಫಾದರ್ ಅಂತ ಹಿರಿಯರೇ ಮೊದಲು ಮಾತಾಡಿಸಲಿ ಅಂತ ಕಾಯಬಾರದು, 28ರ ಹುಡುಗನೇ ಮೊದಲು ಹೇಳಬೇಕು. ಮನೆ ಬಾಗಿಲಲ್ಲಿ ನಿಂತು ‘ಹೊದಿ’ ಅನ್ನಬೇಕು, ಒಳಗಿನಿಂದ ‘ಕರಿಬು’ ಬಂದ ಮೇಲೇ ಹೊಸ್ತಿಲು ದಾಟೋದು. ಕಥೊಲಿಕರಲ್ಲಿ ‘ತುಮ್ಸಿಫು ಯೇಸು ಕ್ರಿಸ್ತು’ ಅಂದ್ರೆ ‘ಮಿಲೆಲೆ ಅಮಿನ’ ಉತ್ತರ. ಪ್ರಾಟೆಸ್ಟಂಟರು ‘ಕ್ರಿಸ್ತೊ’ ಅಂತಾರೆ, ಕಿವಿಗೆ ಬಿದ್ದ ತಕ್ಷಣ ಯಾರು ಯಾವ ಕಡೆ ಅಂತ ಗೊತ್ತಾಗುತ್ತೆ.

ಯಾರಾದ್ರೂ ಎಡವಿದ್ರೂ, ಕೆಲಸ ಮಾಡಿ ದಣಿದಿದ್ರೂ, ಮನೆಯಲ್ಲಿ ಸಾವಾಗಿದ್ರೂ ಒಂದೇ ಮಾತು ‘ಪೊಲೆ’. ಇದಕ್ಕೆ ಇಂಗ್ಲಿಷಿನ ಸಾರಿ ಅಂತ ಬರೆದಿರ್ತಾರೆ, ತಪ್ಪು ದಾರಿ. ನೀವು ತಪ್ಪು ಮಾಡಿದ್ರೆ ಅನ್ನೋದು ‘ಸಮಹಾನಿ’. ಪೊಲೆ ಅನ್ನೋದು ನಮ್ಮ ‘ಅಯ್ಯೋ ಪಾಪ’. ಸಂದೇಹಿಯವರೇ, ಇದೂ ಕನ್ನಡದ ಲೆಕ್ಕಕ್ಕೇ ಜಮಾ.

ಸರಸ್ವತಿಪುರಂ_ಸಂದೇಹಿ
ಜಮಾ ಮಾಡ್ಕೊಳ್ಳಿ. ಆದ್ರೆ ಹೊರಡೋ ಮೊದಲು ಕಲಿಯಬೇಕಾದ್ದು ಎರಡೇ ವಾಕ್ಯ ಅಂದ್ರೆ ಇವು: ‘ಸಿಎಲೆವಿ, ಸೆಮ ತೆನ ಪೊಲೆಪೊಲೆ’ (ಅರ್ಥ ಆಗಲಿಲ್ಲ, ಇನ್ನೊಂದ್ಸಲ ನಿಧಾನಕ್ಕೆ ಹೇಳಿ), ಮತ್ತೆ ‘ಹೀ ಇನಇತ್ವಜೆ?’ (ಇದಕ್ಕೆ ಏನಂತಾರೆ?). ಈ ಎರಡು ಇದ್ರೆ ಮಿಕ್ಕಿದ್ದನ್ನ ಊರಿನ ಮಕ್ಕಳೇ ಕಲಿಸ್ತಾರೆ.

ಬನ್ನಿಮಂಟಪದ_ಮಾವ
ಎಲ್ಲ ಬರ್ಕೊಂಡೆ. ಐವತ್ತು ಪದದ ಪಟ್ಟಿ ಕಪಾಟಿಗೆ ಹೋಯ್ತು, ಈಗ ಹುಡುಗ ಮನೆಯಲ್ಲಿ ಙ ಙ ಅಂತ ಓಡಾಡ್ತಿದ್ದಾನೆ, ಅಕ್ಕ ಮೂಗು ಕಟ್ಟಿದೆ ಅಂತ ಕಷಾಯ ಕೊಟ್ಟಳು. ಅಸಂತೆ ಸಾನ, ನ್ಜುರಿ ಸಾನ. ಕೊನೇದಾಗಿ, ನಮ್ಮ ಚಾರ್ಜರ್ ಅಲ್ಲಿ ನಡೆಯುತ್ತಾ?

ವಿಜಯನಗರ_ನಾಲ್ಕನೇ_ಹಂತ
ನ್ಜ಼ುರಿ. ಜ಼, ಜ಼! ಕರೆಂಟು 230 ವೋಲ್ಟೇ, ಆದ್ರೆ ಅಲ್ಲಿನ ಸಾಕೆಟ್ ಮೂರು ಚಪ್ಪಟೆ ಪಿನ್ನಿನ ಬ್ರಿಟಿಷ್ ಮಾದರಿ, ನಮ್ಮ ಗುಂಡು ಪಿನ್ನು ಸರಿಯಾಗಿ ಕೂರಲ್ಲ. ಅಡಾಪ್ಟರ್ ಎರಡು ತಗೊಳ್ಳಿ, ಒಂದನ್ನ ಮೊದಲ ವಾರವೇ ಯಾರಾದ್ರೂ ಇಸ್ಕೊಂಡು ಹೋಗ್ತಾರೆ.